ಪೂರ್ತಿ ಕೇಳಿದ ಅಕ್ಕೋರು

ಕಳೆದ ತಿಂಗಳು ಮುಂಡಗೋಡದ ಸಂತೆಯಲ್ಲಿ ಒಂದು ಪೊಟ್ಟಣ ಡಾಂಬರ್ ಗುಳಿಗೆ ಕೊಂಡೆ. ನಾನು ಕಲಿಸುವ ಶಾಲೆಯ ಕಪಾಟಿನಲ್ಲಿ ಪುಸ್ತಕಗಳಿಗೆ ಹುಳ ಬಿದ್ದಿತ್ತು. ಬಸ್ಸಿನಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಾಗ ಆ ವಾಸನೆ ಮೂಗಿಗೆ ಹತ್ತಿತು. ಉಳಿದವರಿಗೆ ಆ ವಾಸನೆಯಿಂದ ಹಳೆಯ ರೇಷ್ಮೆ ಸೀರೆ, ಟ್ರಂಕು ನೆನಪಾಗುತ್ತದೆಯೋ ಏನೋ. ನನಗೆ ಹಿಪ್ ಹಾಪ್ ನೆನಪಾಗುತ್ತದೆ. ಡ್ರಮ್ಮಿನ ದಪ್ಪ ಪೆಟ್ಟು, ಅದರ ಮೇಲೆ ಉಸಿರು ಬಿಡದೆ ಮಾತಾಡುವ ಒಬ್ಬ ಮನುಷ್ಯ, ಮತ್ತು ಕನ್ನಡಕವನ್ನು ಹಣೆಗೇರಿಸಿ ಕಣ್ಣು ಮುಚ್ಚಿ ಕೂತ ನಮ್ಮ ಅಕ್ಕೋರು...

ಅಕ್ಕೋರು ಎಂದರೆ ಹಳಿಯಾಳದ ನಮ್ಮ ಹುಡುಗಿಯರ ಹಾಸ್ಟೆಲಿನ ವಾರ್ಡನ್. ಮೊದಲು ಎಲ್ಲೋ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ್ದರಂತೆ, ಅದಕ್ಕೇ ಎಲ್ಲರೂ ಅವರನ್ನು ಹಾಗೆ ಕರೆಯುತ್ತಿದ್ದೆವು. ಐವತ್ತರ ಆಸುಪಾಸಿನ ಗಿಡ್ಡ ಹೆಂಗಸು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಭುಜಕ್ಕೆ ಪಿನ್ನು. ಅವರು ಮೆಟ್ಟಿಲು ಹತ್ತುವ ಸದ್ದಿಗೇ ಮೂವತ್ತು ಹುಡುಗಿಯರು ಪುಸ್ತಕ ತೆರೆಯುತ್ತಿದ್ದೆವು.

ನಾನು ಸಾಂಬ್ರಾಣಿಯಿಂದ ಒಳಗೆ, ಕಾಡಂಚಿನ ಒಂದು ಹಾಡಿಯವಳು. ನಾವು ಸಿದ್ದಿಗಳು. ಎಷ್ಟೋ ತಲೆಮಾರಿನ ಹಿಂದೆ ನಮ್ಮವರು ಆಫ್ರಿಕಾದಿಂದ ಬಂದರಂತೆ. ನಮಗೆ ಗೊತ್ತಿರುವ ಊರು ಮಾತ್ರ ಇದೇ, ಭತ್ತದ ಗದ್ದೆ ಇದೇ. ಆದರೂ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೊಬ್ಬರು ನನ್ನ ಕೂದಲು ನೋಡಿ, ಮುಖ ನೋಡಿ, "ಯಾವ ದೇಶದಾಕಿ ನೀ?" ಎಂದು ಕೇಳದೆ ವಾರ ಕಳೆಯುತ್ತಿರಲಿಲ್ಲ. ನಾನು ಕನ್ನಡದಲ್ಲಿ ಉತ್ತರ ಕೊಟ್ಟರೆ ನಗುತ್ತಿದ್ದರು. ಹಾಗಾಗಿ ಉತ್ತರ ಕೊಡುವುದನ್ನೇ ಬಿಟ್ಟಿದ್ದೆ. ಪಿಯುಸಿ ಮೊದಲ ವರ್ಷದಲ್ಲಿ ಇಡೀ ತರಗತಿಗೆ ನನ್ನ ದನಿ ಹೇಗಿದೆಯೆಂದು ಗೊತ್ತಿರಲಿಲ್ಲ.

ನಮ್ಮಣ್ಣ ಗೋವಾದಲ್ಲಿ ಲಾರಿ ಓಡಿಸುತ್ತಿದ್ದ. ದೀಪಾವಳಿಗೆ ಬಂದಾಗ ಬೆಂಕಿಪೊಟ್ಟಣದಷ್ಟಿದ್ದ ಒಂದು ಪ್ಲೇಯರ್ ಕೊಟ್ಟ. ಅದರ ಮೆಮೊರಿ ಕಾರ್ಡಿನಲ್ಲಿ ಅವನ ಗೆಳೆಯರು ಹಾಕಿಕೊಟ್ಟ ಹಿಪ್ ಹಾಪ್ ಆಲ್ಬಂಗಳಿದ್ದವು, ಒಂದೊಂದೂ ಒಂದೊಂದು ಫೋಲ್ಡರಿನಲ್ಲಿ. ಹೆಚ್ಚಿನವು ಅಮೆರಿಕದವು, ಎರಡು ಮುಂಬೈಯವು. ನನಗೆ ಅರ್ಥವಾಗುತ್ತಿದ್ದದ್ದು ಹತ್ತು ಮಾತಿಗೆ ಒಂದು. ಆದರೆ ಆ ಸಣ್ಣ ಪರದೆಯ ಮೇಲೆ ಆಲ್ಬಮ್ಮಿನ ಚಿತ್ರ ಮೂಡುತ್ತಿತ್ತಲ್ಲ, ಅದನ್ನು ನೋಡುತ್ತ ಕೂರುತ್ತಿದ್ದೆ.

ಒಂದು ಸಂಜೆ ಓದುವ ಹೊತ್ತಿನಲ್ಲಿ ಸಿಕ್ಕಿಬಿದ್ದೆ. ಕಿವಿಯಲ್ಲಿ ವೈರು ಇದ್ದದ್ದರಿಂದ ಮೆಟ್ಟಿಲಿನ ಸದ್ದು ಕೇಳಿರಲಿಲ್ಲ.

"ಕೊಡು ಇಲ್ಲೆ," ಅಂದರು ಅಕ್ಕೋರು. "ಏನೈತಿ ಇದರಾಗ?"

"ಹಾಡು ಅದಾವ್ರಿ."

"ಎಂಥಾ ಹಾಡು?"

"ಇಂಗ್ಲೀಷ್ ಹಾಡ್ರಿ. ಹಾಡೂದಿಲ್ಲರಿ ಅವ್ರು... ಮಾತಾಡ್ತಾರ್ರಿ, ಜೋರ."

ಅಕ್ಕೋರು ಅದನ್ನು ಒಯ್ದು ತಮ್ಮ ಬೀರುವಿನಲ್ಲಿ ಇಟ್ಟರು. ಮುಟ್ಟುಗೋಲಾದ ವಸ್ತು ವರ್ಷದ ಕೊನೆಗೆ, ಅದೂ ಅಪ್ಪ ಅವ್ವ ಬಂದರೆ ಮಾತ್ರ ವಾಪಸು ಸಿಗುತ್ತಿತ್ತು. ನಾನು ಆಸೆ ಬಿಟ್ಟೆ.

ಎಂಟು ದಿನದ ಮೇಲೆ ಅಕ್ಕೋರು ಕರೆಸಿದರು. ಮೇಜಿನ ಮೇಲೆ ನನ್ನ ಪ್ಲೇಯರ್, ಅದರ ಪಕ್ಕ ಬೀಜದ ಅಂಗಡಿಯವರು ಕೊಟ್ಟ ಒಂದು ಡೈರಿ. ಡೈರಿಯಲ್ಲಿ ಒಂದು ಪುಟ ತುಂಬ ಬರೆದಿದ್ದರು.

"ಮೊದಲನೇ ಆಲ್ಬಂ ಪೂರ್ತಿ ಕೇಳೇನಿ," ಅಂದರು. "ಹದಿನಾರು ಹಾಡು. ಎರಡನೇದು, ಮೂರನೇದು ಚಲೋ ಅದಾವ. ತಾಯಿ ಬಗ್ಗೆ ಐತಲ್ಲ, ಒಂಬತ್ತನೇದು, ಅಲ್ಲಿ ಅವನ ದನಿ ಸಣ್ಣ ಆಗತೈತಿ. ಸುಳ್ಳು ಹೇಳಾಂವಗ ಹಂಗ ಆಗೂದಿಲ್ಲ. ಏಳನೇದರಾಗ ಹೆಂಗಸರಿಗೆ ಕೀಳಾಗಿ ಮಾತಾಡ್ಯಾನ. ನಾ ಕೇಳೇನಿ, ಕಿವಿ ತೊಳ್ಕೊಂಡೇನಿ."

ನನಗೆ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ.

"ಏಳನೇದು ಕೇಳಬ್ಯಾಡ ಅಂತ ನಾ ಹೇಳೂದಿಲ್ಲ. ಹೇಳಿದ್ರ ನೀ ಮೊದಲ ಅದನ್ನ ಕೇಳ್ತಿ. ಕೇಳು. ಕೇಳಿದ ಮ್ಯಾಲೆ ಅವನ ಎದುರು ನಿಂತು ಏನು ಹೇಳ್ತಿ, ಬರಕೊಂಡು ಬಾ."

ಪ್ಲೇಯರನ್ನು ಕೈಗೆ ಕೊಟ್ಟರು. ಕಿವಿಗೆ ಹಾಕಿಕೊಂಡರೆ ಡಾಂಬರ್ ಗುಳಿಗೆಯ ವಾಸನೆ. ಅವರ ಸೀರೆಗಳ ನಡುವೆ ಎಂಟು ದಿನ ಇದ್ದದ್ದರಿಂದ ಅದು ಇಯರ್‌ಫೋನಿನ ಸ್ಪಂಜಿನೊಳಗೆ ಇಳಿದುಬಿಟ್ಟಿತ್ತು. ಮುಂದೆ ವರ್ಷಗಟ್ಟಲೆ ಹೋಗಲಿಲ್ಲ.

ಆ ಏಳನೇ ಹಾಡಿನವನಿಗೆ ನಾನು ಬರೆದ ಉತ್ತರವೇ ನನ್ನ ಮೊದಲ ರ್ಯಾಪ್. ಎಂಟು ಸಾಲು. ಅದರಲ್ಲಿ ಐದು ಸಾಲು ಬರೀ ಬೈಗುಳ. ಅಕ್ಕೋರು ಓದಿ, ಬೈಗುಳದ ಸಾಲುಗಳನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, "ಇವು ಅವನವ. ಉಳಿದ ಮೂರು ನಿನ್ನವ," ಎಂದು ವಾಪಸು ಕೊಟ್ಟರು.

ಆಮೇಲೆ ಭಾನುವಾರ ಮಧ್ಯಾಹ್ನಗಳು ಶುರುವಾದವು. ಊಟ ಮುಗಿದು ಹುಡುಗಿಯರು ಬಟ್ಟೆ ಒಗೆಯುವಾಗ ನಾವಿಬ್ಬರೂ ಹಿಂದಿನ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಒಂದು ವೈರು ಅವರ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಅವರದೊಂದು ನಿಯಮವಿತ್ತು. ಆಲ್ಬಮ್ಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಕ್ರಮ ತಪ್ಪಿಸದೆ ಕೇಳಬೇಕು. ನಡುವೆ ಏಳುವಂತಿಲ್ಲ, ಮಾತಾಡುವಂತಿಲ್ಲ, ಹಾಡು ಹಾರಿಸುವಂತಿಲ್ಲ. ಅವರ ತಂದೆ ದಾಂಡೇಲಿಯ ಮಿಲ್ಲಿನಲ್ಲಿ ಕೆಲಸಕ್ಕಿದ್ದರಂತೆ. ರಜೆಯ ದಿನ ರೇಡಿಯೋದಲ್ಲಿ ಸಂಗೀತವೋ ನಾಟಕವೋ ಬಂದರೆ ಮುಗಿಯುವ ತನಕ ಮನೆಯಲ್ಲಿ ಯಾರೂ ಎದ್ದು ಹೋಗುವಂತಿರಲಿಲ್ಲವಂತೆ. "ಹಾಡಾಂವಗ ಕಾಣೂದಿಲ್ಲ, ಖರೆ. ಆದ್ರ ನಮಗ ಕಾಣತೈತಲ್ಲ, ನಾವು ಎದ್ದು ಹೋಗಿದ್ದು," ಅನ್ನುತ್ತಿದ್ದರಂತೆ ಅವರಪ್ಪ.

ಮಾತು ಅರ್ಥವಾಗದಿದ್ದರೆ ಅಭಿಪ್ರಾಯ ಬರೆಯುವುದು ಹೇಗೆ? ಅಕ್ಕೋರು ಒಂದು ದಿನ ನನ್ನನ್ನು ಬಸ್ ಸ್ಟ್ಯಾಂಡ್ ಹತ್ತಿರದ ಬ್ರೌಸಿಂಗ್ ಸೆಂಟರಿಗೆ ಕರೆದುಕೊಂಡು ಹೋದರು. ಹಾಡುಗಳ ಸಾಲುಗಳನ್ನು ಹುಡುಕಿ ಪ್ರಿಂಟ್ ತೆಗೆಸಿದರು. ಅಂಗಡಿಯವನು ಒಮ್ಮೆ ಪರದೆ ನೋಡಿದ, ಒಮ್ಮೆ ಪಿನ್ನು ಹಾಕಿದ ಸೀರೆ ನೋಡಿದ.

"ಅಕ್ಕೋರ, ಇದು ನಿಮಗ ಬೇಕಾಗಿದ್ದೇನ್ರಿ?"

"ಹೂಂ. ಎಲ್ಲಾ ಹಾಡಿಂದೂ ತಗಿ. ಏಳನೇದೂ ತಗಿ."

ಆ ಹಾಳೆಗಳನ್ನು ಮುಂದಿಟ್ಟುಕೊಂಡು, ಶಬ್ದಕೋಶ ತೆರೆದು, ಇಬ್ಬರೂ ಸಾಲು ಸಾಲಾಗಿ ಓದುತ್ತಿದ್ದೆವು. ಶಬ್ದಕೋಶದಲ್ಲಿ ಸಿಗದ ಶಬ್ದಗಳೇ ಹೆಚ್ಚು. ಅವುಗಳಿಗೆ ನಾವೇ ಅರ್ಥ ಕಟ್ಟುತ್ತಿದ್ದೆವು. ಆ ವರ್ಷ ಇಂಗ್ಲೀಷಿನಲ್ಲಿ ನಾನು ಇಡೀ ತರಗತಿಗೆ ಮೊದಲಿಗಳಾದೆ. ಮೇಷ್ಟ್ರಿಗೆ ಆಶ್ಚರ್ಯ. ಗುಟ್ಟು ನಾನು ಹೇಳಲಿಲ್ಲ.

ಅಕ್ಕೋರ ಅಭಿಪ್ರಾಯಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆಂದು ಊಹಿಸುವುದು ಕಷ್ಟ. ಮುಂಬೈ ಹುಡುಗರ ಒಂದು ಆಲ್ಬಂ ನನಗೆ ತುಂಬ ಹಿಡಿಸಿತ್ತು. ಚಾಳಿನ ಬದುಕು, ನಲ್ಲಿಯ ಜಗಳ, ಪೊಲೀಸರ ಲಾಠಿ ಎಲ್ಲ ಅದರಲ್ಲಿತ್ತು. ಅಕ್ಕೋರು ಮೊದಲ ಐದು ಹಾಡುಗಳಿಗೆ ತಲೆದೂಗಿದರು. ಕೊನೆಗೆ, "ಐದರ ಮ್ಯಾಲೆ ಇವ್ರಿಗೆ ಹೇಳಾಕ ಏನೂ ಉಳಿದಿಲ್ಲ. ಬಡತನ ಮುಗದ ಹೋಗೇತಿ, ಅದರ ಹೆಸರು ಹೇಳೂದು ಮುಗದಿಲ್ಲ," ಅಂದರು. ಇನ್ನೊಂದು ಆಲ್ಬಂ ಒಬ್ಬ ಹೆಂಗಸಿನದು. ಅದು ನನಗೆ ನಿಧಾನವೆನಿಸಿತ್ತು, ಆಕಳಿಸುತ್ತ ಕೇಳಿದ್ದೆ. ಅಕ್ಕೋರು ಮೂರು ಭಾನುವಾರ ಅದನ್ನೇ ಹಾಕಿಸಿದರು. ಡೈರಿಯಲ್ಲಿ ಒಂದೇ ಸಾಲು ಬರೆದರು: "ಈಕೆ ಸಿಟ್ಟು ಬಂದಾಗಲೂ ಅವಸರ ಮಾಡುವುದಿಲ್ಲ." ಆ ಆಲ್ಬಂ ನನಗೆ ಹಿಡಿಸಲು ಹತ್ತು ವರ್ಷ ಬೇಕಾಯಿತು.

ನಮ್ಮಿಬ್ಬರಿಗೆ ನಿಜವಾಗಿ ಜಗಳವಾದದ್ದು ಒಂದೇ ಸಲ. ಅಮೆರಿಕದ ಒಬ್ಬನ ಆಲ್ಬಂ. ಮುಖಪುಟದಲ್ಲಿ ಬಂಗಾರದ ಸರ ಹಾಕಿಕೊಂಡು, ಗದ್ದ ಎತ್ತಿ ನಿಂತಿದ್ದ. ಮೊದಲಿನಿಂದ ಕೊನೆಯವರೆಗೆ ನಾನು ದೊಡ್ಡವನು, ನನ್ನಂಥವನು ಇನ್ನೊಬ್ಬನಿಲ್ಲ ಎಂಬುದೇ ಹಾಡು. ಅಕ್ಕೋರಿಗೆ ಸಿಟ್ಟು ಬಂತು, ನಡುವೆ ಮಾತಾಡಬಾರದೆಂಬ ತಮ್ಮ ನಿಯಮವನ್ನೂ ಮರೆತರು. "ಮದಿವಿ ಮನ್ಯಾಗ ಗಂಡಿನ ಕಡಿ ಬೀಗ ಕುಂತಂಗ ಕುಂತಾನ. ತನ್ನ ಬಿಟ್ರ ಮತ್ತೊಂದು ಮಾತಿಲ್ಲ. ಇಂಥಾವನ್ನ ಯಾಕ ಕೇಳ್ತಿ ನೀ?"

ನಾನು ಯಾವತ್ತೂ ಎದುರು ಮಾತಾಡಿದವಳಲ್ಲ. ಅವತ್ತು ಬಾಯಿಂದ ಬಂದುಬಿಟ್ಟಿತು.

"ಅಕ್ಕೋರ, ಅಂವ ನಮ್ಮ ಮಾಮಾನಂಗ ಅದಾನ್ರಿ."

"ಅಂದ್ರ?"

"ಮುಖಾ ರೀ. ಮೂಗು, ಕೂದಲಾ... ನಮ್ಮ ಮಾಮಾ ಹಂಗ ಗದ್ದ ಎತ್ತಿ ನಿಂತದ್ದು ನಾ ನೋಡೇ ಇಲ್ಲರಿ. ಫಾರೆಸ್ಟ್‌ನವ್ರ ಮುಂದ, ಗೌಡರ ಮುಂದ, ಯಾರ ಮುಂದೂ ಇಲ್ಲ. ಇವನಿಗೂ ಯಾರೂ ದೊಡ್ಡಾಂವ ಅಂದಿರಾಕಿಲ್ಲರಿ. ಅದಕ್ಕ ತಾನ ಅನಕೋತಾನ. ತಪ್ಪೇನ್ರಿ?"

ಅಕ್ಕೋರು ಕಿವಿಯಿಂದ ವೈರು ತೆಗೆದು ಎದ್ದು ಹೋದರು. ಹಾಡು ನಡೆಯುತ್ತಿದ್ದಾಗ ಅವರು ಎದ್ದು ಹೋದದ್ದು ಅದೊಂದೇ ಸಲ. ರಾತ್ರಿ ಒಬ್ಬ ಹುಡುಗಿಯ ಕೈಲಿ ಪ್ಲೇಯರ್ ತರಿಸಿಕೊಂಡರು. ಮರುದಿನ ಬೆಳಿಗ್ಗೆ ಉಪ್ಪಿಟ್ಟಿನ ಸಾಲಿನಲ್ಲಿ ನಿಂತಾಗ ಡೈರಿ ತಂದು ನನ್ನ ಕೈಗಿತ್ತರು. ಹಿಂದಿನ ದಿನ ಬರೆದದ್ದನ್ನು ಒಂದು ಗೆರೆ ಎಳೆದು ಹೊಡೆದಿದ್ದರು. ಕೆಳಗೆ, "ಮತ್ತೊಮ್ಮೆ ಪೂರ್ತಿ ಕೇಳಿದೆ. ನನ್ನ ಅಭಿಪ್ರಾಯ ತಪ್ಪಿತ್ತು. ಇವನ ಜಂಭದ ಹಿಂದೆ ಒಂದು ಲೆಕ್ಕವಿದೆ. ತಿಳಿಸಿಕೊಟ್ಟವಳು ನಮ್ಮ ಹಾಸ್ಟೆಲಿನ ವಿದ್ಯಾರ್ಥಿನಿ," ಎಂದಿತ್ತು.

ದೊಡ್ಡವರು ತಮ್ಮ ಮಾತನ್ನು ಹೊಡೆದುಹಾಕಿ, ನನ್ನ ಮಾತನ್ನು ಅದರ ಕೆಳಗೆ ಬರೆದದ್ದು ಅದೇ ಮೊದಲು. ಉಪ್ಪಿಟ್ಟು ಆರಿ ಹೋಯಿತು. ನಾನು ಆ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದೆ.

ಆ ದಿನದಿಂದ ನನ್ನ ಬಾಯಿ ಬಿಚ್ಚಿತು. "ಯಾವ ದೇಶ ಅಂತ ಕೇಳಬ್ಯಾಡ, ಸಾಂಬ್ರಾಣಿ ಬಸ್ಸಿನ ಕೊನೀ ಸೀಟು ನನ್ನ ದೇಶ" ಎಂದು ಶುರುವಾಗುವ ಹಾಡು ಬರೆದೆ. ಕಟ್ಟೆಯ ಮೇಲೆ ಅಕ್ಕೋರಿಗೆ ಹೇಳಿ ತೋರಿಸಿದೆ. ಬಟ್ಟೆ ಒಗೆಯುತ್ತಿದ್ದ ಹುಡುಗಿಯರು ಕೈ ನಿಲ್ಲಿಸಿ ಕೇಳಿದರು. ಮುಂದಿನ ಭಾನುವಾರ ಅವರಲ್ಲಿ ಇಬ್ಬರು ಬಕೆಟ್ಟು ಬೋರಲು ಹಾಕಿ ತಾಳ ಹಿಡಿದರು.

ಸುದ್ದಿ ಹೊರಗೆ ಹೋಯಿತು. ವಾರ್ಡನ್ ಹುಡುಗಿಯರಿಗೆ ಹೊಲಸು ಹಾಡು ಕೇಳಿಸುತ್ತಾಳೆ, ಓದು ಬಿಡಿಸಿ ಕುಣಿಸುತ್ತಾಳೆ ಎಂದು. ಒಂದು ದಿನ ನಾಲ್ಕೈದು ಜನ ಪಾಲಕರು ಹಾಸ್ಟೆಲಿಗೆ ಬಂದರು. ಅವರ ಮುಂದಾಳು ಊರಿನಲ್ಲಿ ಮಾತು ನಡೆಯುವಂಥ ಮನುಷ್ಯ, ಬಿಳಿ ಅಂಗಿ ತೊಟ್ಟಿದ್ದರು. ಅಕ್ಕೋರ ಕೋಣೆಗೆ ನನ್ನನ್ನೂ ಕರೆಸಿದರು. ನಾನು ಬಾಗಿಲ ಹತ್ತಿರ ನಿಂತೆ.

"ಇಂಥಾ ಹಾಡು ಕೇಳಿ ಹುಡಿಗೇರು ಕೆಡ್ತಾರ ಅಂತ ನಿಮಗ ಗೊತ್ತಿಲ್ಲೇನ್ರಿ ಮೇಡಂ?" ಅಂದರು ಆ ಮುಂದಾಳು.

ಅಕ್ಕೋರು ಡೈರಿ ತೆರೆದು ಮೇಜಿನ ಮೇಲೆ ಅವರ ಕಡೆಗೆ ತಿರುಗಿಸಿಟ್ಟರು. "ಹನ್ನೊಂದು ಆಲ್ಬಂ ಕೇಳೇನಿ ನಾನು, ಮೊದಲಿಂದ ಕೊನೀ ತನಕ. ಯಾವ ಹಾಡು ಚಲೋ, ಯಾವುದು ಹೊಲಸು, ಯಾಕ ಹೊಲಸು ಎಲ್ಲಾ ಬರದೇನಿ. ನೀವು ಯಾವ್ಯಾವ ಕೇಳೀರಿ, ಹೇಳ್ರಿ. ಕುಂತು ಮಾತಾಡೂಣು."

ಯಾರೂ ಕೇಳಿರಲಿಲ್ಲ. ಆ ಮುಂದಾಳು ಮಾತನ್ನು ಹಗುರ ಮಾಡಲು ನಕ್ಕು, ನನ್ನ ಕಡೆ ಕೈ ತೋರಿಸಿದರು. "ಹೋಗ್ಲಿ ಬಿಡ್ರಿ. ಈಕಿನ ಅಲ್ಲೇನು ಹಾಡಾಕಿ? ಒಂದು ಹಾಡ್ಲಿ, ಒಂದೀಟು ಕುಣೀಲಿ, ನೋಡೂಣು. ಈ ಮಂದಿಗೆ ಅದು ರಕ್ತದಾಗ ಬಂದಿರತೈತಿ."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹೊಗಳಿದೆ ಎಂದೇ ಅಂದುಕೊಂಡಿದ್ದರು. ನಾನೂ ಹಾಡಲು ತಯಾರಾಗಿದ್ದೆ. ಹಾಡಿದರೆ ಅಕ್ಕೋರ ನೌಕರಿ ಉಳಿಯುತ್ತದೆ ಎಂದು ನನ್ನ ತಲೆಯಲ್ಲಿತ್ತು. ಉಸಿರು ಎಳೆದುಕೊಂಡೆ.

"ಬ್ಯಾಡ," ಅಂದರು ಅಕ್ಕೋರು. ಅವರು ಎದ್ದು ನಿಂತಿದ್ದರು. ಎದ್ದರೂ ಕೂತವರಿಗಿಂತ ಸ್ವಲ್ಪವೇ ಎತ್ತರ. "ಆಕಿ ಹಾಡೂದಿಲ್ಲ. ರಕ್ತದಾಗ ಬಂದದ್ದಲ್ಲರಿ ಅದು. ಆರು ತಿಂಗಳು ಹಿಂದಿನ ಕಟ್ಟಿ ಮ್ಯಾಲೆ ಕುಂತು ಕಲ್ತಾಳ, ಶಬ್ದಕೋಶ ಹಿಡಕೊಂಡು. ನಿಮ್ಮ ಮಗಳಿಗೆ ಗಣಿತ ರಕ್ತದಾಗ ಬಂದೈತಿ ಅಂತ ಯಾರರ ಅಂದಾರೇನು? ಬಂದವ್ರ ಮುಂದ ಕುಣಿಯಾಕ ಆಕಿ ಇಲ್ಲಿಗೆ ಬಂದಿಲ್ಲ. ಓದಾಕ ಬಂದಾಳ." ನನ್ನ ಕಡೆ ತಿರುಗಿ, "ನೀ ಹೋಗವಾ, ಓದಕೋ ಹೋಗು," ಅಂದರು.

ನಾನು ಮೆಟ್ಟಿಲು ಹತ್ತಿದೆ. ಎಷ್ಟು ಸಲ ನಮ್ಮನ್ನು ಯಾರ್‍ಯಾರ ಮುಂದೆ ಕುಣಿಸಿದ್ದರು... ಶಾಲೆಗೆ ಸಾಹೇಬರು ಬಂದರೆ ಕುಣಿ, ಪ್ರವಾಸಿಗರು ಬಂದರೆ ಕುಣಿ. ಬೇಡ ಎಂದು ನನ್ನ ಪರವಾಗಿ ಹೇಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇವತ್ತಿಗೂ ಆ "ಬ್ಯಾಡ" ನೆನಪಾದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಆ ವರ್ಷ ಮುಗಿಯುತ್ತಿದ್ದಂತೆ ಅವರಿಗೆ ಜೋಯಿಡಾಕ್ಕೆ ವರ್ಗವಾಯಿತು. ದೂರಿನಿಂದಾಗಿಯೋ, ವರ್ಗಾವಣೆಯ ಕಾಲವೇ ಬಂದಿತ್ತೋ ನನಗೆ ಗೊತ್ತಿಲ್ಲ. ಕೇಳಿದರೆ, "ಅಲ್ಲೂ ಹುಡಿಗೇರು ಅದಾರ," ಎಂದಷ್ಟೇ ಹೇಳಿದರು. ಅಳುತ್ತ ನಿಂತ ನಮಗೆ ಬಸ್ಸಿನ ಕಿಟಕಿಯಿಂದ ಬೈದು, ಮುಖ ತೊಳೆದುಕೊಳ್ಳಲು ಹೇಳಿ ಹೋದರು.

ನಾನು ಪದವಿ ಮುಗಿಸಿದೆ, ಬಿ.ಎಡ್. ಮಾಡಿದೆ, ಮುಂಡಗೋಡದ ಹತ್ತಿರ ಶಿಕ್ಷಕಿಯಾದೆ. ಹಾಡು ಬಿಡಲಿಲ್ಲ. ನಾಲ್ಕು ವರ್ಷದ ಹಿಂದೆ ನನ್ನದೇ ಒಂದು ಆಲ್ಬಂ ಮಾಡಿದೆ, ಏಳು ಹಾಡಿನದು. ದಾಂಡೇಲಿಯ ಒಬ್ಬ ಬೈಕ್ ಮೆಕ್ಯಾನಿಕ್ ಗ್ಯಾರೇಜು ಮುಚ್ಚಿದ ಮೇಲೆ ಕಂಪ್ಯೂಟರಿನಲ್ಲಿ ಬೀಟ್ ಕೂಡಿಸುತ್ತಿದ್ದ. ಅವನೇ ನನಗೆ ಸಂಗೀತ ಮಾಡಿಕೊಟ್ಟ. ಎಲ್ಲ ನಮ್ಮ ಕಡೆಯ ಕನ್ನಡದಲ್ಲಿ, ಅಲ್ಲಲ್ಲಿ ಹಾಡಿಯ ಕೊಂಕಣಿ ಸೇರಿಸಿ. ಏಳರಲ್ಲಿ ನಾಲ್ಕನೆಯ ಹಾಡಿನ ಮೇಲೆ ಎಲ್ಲರಿಗೂ ಭರವಸೆ. ಕಾಡು, ಹುಲಿ, ನಮ್ಮವರ ಡಮಾಮಿ ಡೋಲಿನ ಬಡಿತ, ನಮ್ಮ ರಕ್ತದ ತಾಳ. ದಾಂಡೇಲಿಯ ಒಂದು ರೆಸಾರ್ಟಿನವರು ಕೇಳಿ, ಸಂಜೆಯ ಕಾರ್ಯಕ್ರಮಕ್ಕೆ ಅದೇ ಬೇಕು ಎಂದಿದ್ದರು.

ಹೊರಗೆ ಬಿಡುವ ಮೊದಲು ಜೋಯಿಡಾಕ್ಕೆ ಕಳಿಸಿದೆ. ಅಕ್ಕೋರು ನಿವೃತ್ತರಾಗಿ ಅಲ್ಲೇ ಉಳಿದಿದ್ದರು. ಅವರ ಅಣ್ಣನ ಮಗಳು ಫೋನಿಗೆ ಹಾಕಿಕೊಟ್ಟಳಂತೆ. ಮೂರನೇ ದಿನ ಫೋನ್ ಬಂತು.

"ನಾಲ್ಕನೇದು ಯಾರು ಬರದ್ರು?"

"ನಾನ ರೀ ಅಕ್ಕೋರ."

"ಅಲ್ಲ. ಅವತ್ತು ಹಾಸ್ಟೆಲಿಗೆ ಬಂದಿದ್ರಲ್ಲ, ಬಿಳಿ ಅಂಗಿಯವ್ರು. ಅವ್ರು ಬರದಾರ."

ಅವರು ಮುಂದುವರಿಸಿದರು: "ಉಳಿದ ಆರು ನಿನ್ನವ. ಎರಡನೇದರಾಗ ಅವಸರ ಮಾಡೀದಿ. ಆರನೇದು ನಾ ಕೇಳಿದ್ದರಾಗ ಎಲ್ಲಾದಕ್ಕಿಂತಾ ಚಲೋ ಐತಿ. ಅಮೆರಿಕದವ್ರನ್ನೂ ಹಿಡಕೊಂಡ ಹೇಳ್ತೇನಿ."

ನಾಲ್ಕನೆಯದನ್ನು ತೆಗೆದುಹಾಕಿದೆ. ರೆಸಾರ್ಟಿನವರು ಬೇರೆಯವರನ್ನು ಹುಡುಕಿಕೊಂಡರು. ಮೆಕ್ಯಾನಿಕ್ ಎರಡು ತಿಂಗಳು ಮಾತು ಬಿಟ್ಟ. ಆರು ಹಾಡಿನ ಆಲ್ಬಂ ಹೊರಬಂತು. ಅದನ್ನು ಬಹಳ ಜನ ಕೇಳಲಿಲ್ಲ. ಕೇಳಿದವರು ಕೊನೆಯವರೆಗೆ ಕೇಳಿದರು. ಹಾಡಿಯ ಅಂಗಳದಲ್ಲಿ ನಮ್ಮ ಮಾಮಾ ಕುರ್ಚಿ ಹಾಕಿಸಿಕೊಂಡು, ಗದ್ದ ಎತ್ತಿ ಕೂತು ಕೇಳಿದ.

ಕಳೆದ ವರ್ಷ ಅಕ್ಕೋರು ಹೋದರು. ನನಗೆ ಸುದ್ದಿ ಮುಟ್ಟಿದ್ದು ನಾಲ್ಕು ದಿನ ತಡವಾಗಿ. ಜೋಯಿಡಾಕ್ಕೆ ಹೋದೆ. ಬಾಗಿಲು ತೆರೆದ ಅಣ್ಣನ ಮಗಳು ನನ್ನ ಮುಖ ನೋಡಿ, ಯಾವ ದೇಶ ಎಂದು ಕೇಳಲಿಲ್ಲ. "ನೀವ ಏನ್ರೀ, ಹಾಡಾಕಿ?" ಅಂದಳು.

ಒಳಗೆ ಕೂರಿಸಿ ಚಹಾ ಕೊಟ್ಟಳು. "ನಮ್ಮ ಅತ್ತಿ ದವಾಖಾನ್ಯಾಗ ಇದ್ದಾಗ ನರ್ಸ್‌ಗೋಳಿಗೆಲ್ಲಾ ನಿಮ್ಮ ಆಲ್ಬಂ ಕೇಳಸ್ಯಾರ್ರಿ. ಸಲಾಯಿನ್ ಹಚ್ಚಾಕ ಬಂದಾಕಿನ್ನೂ ಕುಂದ್ರಸಿ ಕೇಳಸ್ಯಾರ. ಆರೂ ಹಾಡು ಮುಗಿಯೂ ತನಕ ಯಾರನ್ನೂ ಎದ್ದು ಹೋಗಾಕ ಬಿಡತಿದ್ದಿಲ್ಲ. ನಮ್ಮ ಹುಡುಗಿ, ನಮ್ಮ ಹುಡುಗಿ ಅಂತಿದ್ರು. ನಾವು ಯಾರೋ ಸಂಬಂಧಿಕರು ಇರಬೇಕು ಅನ್ಕೊಂಡಿದ್ವಿ."

ನಾನು ಚಹಾ ಕುಡಿದೆ. ಅಳು ಬರಲಿಲ್ಲ. ಬಂದದ್ದು ಒಂದು ದೊಡ್ಡ ಹೆಮ್ಮೆ, ಎದೆಯಲ್ಲಿ ಹಿಡಿಸಲಾರದಂಥದ್ದು. ಅಳು ಬಂದದ್ದು ವಾಪಸು ಬರುವಾಗ, ಬಸ್ಸು ದಾಂಡೇಲಿ ದಾಟಿದ ಮೇಲೆ.

ಈಗ ಎರಡನೆಯ ಆಲ್ಬಂ ಮುಗಿಸಿದ್ದೇನೆ. ಒಂಬತ್ತು ಹಾಡು. ಮೆಕ್ಯಾನಿಕ್ ಮತ್ತೆ ಮಾತಾಡುತ್ತಿದ್ದಾನೆ, ಬೀಟ್ ಅವನದೇ. ಹೊರಗೆ ಬಿಡುವ ಮೊದಲು ಹೋದ ಭಾನುವಾರ ಮಧ್ಯಾಹ್ನ ಒಬ್ಬಳೇ ಕೂತು, ಮೊದಲಿಂದ ಕೊನೆಯವರೆಗೆ ಕೇಳಿದೆ. ಪ್ರತಿ ಹಾಡಿಗೂ ಅಕ್ಕೋರು ಏನು ಅನ್ನುತ್ತಿದ್ದರು ಎಂದು ಯೋಚಿಸಲು ನೋಡಿದೆ. ಮೂರನೆಯದನ್ನು ಮೆಚ್ಚುತ್ತಿದ್ದರೋ, ಹೊಡೆದುಹಾಕುತ್ತಿದ್ದರೋ... ಎಂಟನೆಯದರಲ್ಲಿ ನಾನು ಅವಸರ ಮಾಡಿದ್ದೇನೋ ಇಲ್ಲವೋ... ಅವರ ಮಾತಿನ ಧಾಟಿ ನನಗೆ ಬಾಯಿಪಾಠ. ಅವರ ದನಿಯಲ್ಲಿ ಯಾವ ಮಾತನ್ನು ಬೇಕಾದರೂ ಹೇಳಬಲ್ಲೆ.

ಆದರೆ ಆ ಒಂಬತ್ತು ಹಾಡಿಗೆ ಅವರು ಏನನ್ನುತ್ತಿದ್ದರು ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.